ಹೆಸರು ಕಿತ್ತ ಡಬ್ಬಿಗಳು

ಚಮಚದ ಹಿಡಿಕೆಯಿಂದ ಡಬ್ಬಿಯ ತಲೆಗೆ ಕುಟ್ಟಿ ಸಿದ್ದವ್ವ ಕಿವಿಗೊಟ್ಟಳು. ಟಣ್ ಎಂದಿತು. ಟಣ್ ಎಂದರೆ ಒಳಗೆ ಎಲ್ಲ ಸರಿಯಿದೆ, ಬೊದ್ ಎಂದರೆ ಗಾಳಿ ಸೇರಿ ಕೆಟ್ಟಿದೆ. ಆಮೇಲೆ ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದಳು. ಅನಾನಸ್ ತುಂಡಾದರೆ ಪಾಕದಲ್ಲಿ ಕುಲುಕುತ್ತದೆ, ಹಲಸಿನ ತೊಳೆಯಾದರೆ ಗೋಡೆಗೆ ಮೆತ್ತಗೆ ಬಡಿಯುತ್ತದೆ. ಇದು ಬಸುರಿಯ ಹಾಗೆ ನಿಧಾನಕ್ಕೆ ಮಗ್ಗುಲು ಬದಲಿಸಿತು. ಮಾವಿನ ರಸ. ಹೀಗೆ ಕೇಳಿಯೇ ಗುರುತಿಸಬೇಕು, ಯಾಕೆಂದರೆ ಡಬ್ಬಿಗಳ ಮೈಮೇಲೆ ಹೆಸರಿಲ್ಲ. ಮಾರಾಟ ನಿಂತ ಡಬ್ಬಿಗಳನ್ನು ಗುಂಡಿಗೆ ಹಾಕುವ ಮುಂಚೆ ಸಂಘದ ಚೀಟಿ ಕಿತ್ತುಬಿಡಿ, ಸಂಘದ ಹೆಸರು ಮಣ್ಣಿಗೆ ಹೋಗಬಾರದು ಎಂದು ಕಾರ್ಯದರ್ಶಿ ಬಸವರಾಜ ಹೇಳಿದ್ದ. ಹನ್ನೊಂದು ಹೆಂಗಸರು ಕೂತು ಇನ್ನೂರ ನಲವತ್ತು ಡಬ್ಬಿಗಳ ಚೀಟಿಯನ್ನು ಒದ್ದೆ ಬಟ್ಟೆಯಿಂದ ಉಜ್ಜಿ ಉಜ್ಜಿ ತೆಗೆದಿದ್ದರು. ಸಿದ್ದವ್ವನೂ ಉಜ್ಜಿದ್ದಳು. ಅದು ಈಗಲೂ ಅವಳಿಗೆ ನಾಚಿಕೆ. ಗುಂಡಿಯ ಅಂಚಿನಲ್ಲಿ ನಿಂತಾಗ ಮಾತ್ರ ಅವಳಿಗೆ ಏನೋ ಆಗಿ, ಇವನ್ನ ನಾ ಮನಿಗೆ ಒಯ್ತೀನಿ ಅಂದಳು. ಯಾಕೆ ಅಂತ ಕೇಳಿದರು. ಉಣ್ಣಾಕ ಅಂದಳು. ಮಗ ವಿನೋದ ಸಾಮಾನು ಸಾಗಿಸುವ ತನ್ನ ಗಾಡಿಯಲ್ಲಿ ಎರಡು ಸಲ ತಂದು ಮನೆ ಮುಂದೆ ಇಳಿಸಿದ.

ಅವತ್ತಿನಿಂದ ದಿನಕ್ಕೊಂದು ಡಬ್ಬಿ. ಬೊದ್ ಎಂದ ಮೂರನ್ನು ಅವಳೇ ಹಿತ್ತಲಲ್ಲಿ ಆಳಕ್ಕೆ ಹೂತಳು, ಯಾರಿಂದಲೂ ಹೇಳಿಸಿಕೊಳ್ಳದೆ. ನಲವತ್ತಾರು ಉಂಡು ಮುಗಿದಿವೆ. ಉಳಿದವು ಮಂಚದ ಕೆಳಗೆ, ಅಟ್ಟದ ಮೇಲೆ, ಕಾಳಿನ ಕಣಜದ ಹಿಂದೆ, ಬೆತ್ತಲೆ ಮೈಯಲ್ಲಿ ಹೊಳೆಯುತ್ತ ಕೂತಿವೆ. ಅಡುಗೆ ದೊಡ್ಡದೇನಲ್ಲ. ಅನಾನಸ್ ಬಂದರೆ ಸಣ್ಣಗೆ ಹೆಚ್ಚಿ ಎಳ್ಳು, ಕೊಬ್ಬರಿ, ಒಣಮೆಣಸು ಅರೆದು ಹಾಕಿ ಗೊಜ್ಜು. ತೊಳೆ ಬಂದರೆ ನೆನೆಸಿದ ಅಕ್ಕಿಯ ಜೊತೆ ರುಬ್ಬಿ ದೋಸೆ. ಮಾವಿನ ರಸವಾದರೆ ಒಂದು ಕುದಿ ಬರಿಸಿ, ಆರಿಸಿ, ಸಾಸಿವೆ, ತೆಂಗಿನಕಾಯಿ ಅರೆದು ಕದಡಿದರೆ ಮಾವಿನ ಸಾಸಿವೆ ಆಯಿತು, ಬಿಸಿ ಅನ್ನಕ್ಕೆ ಅದೇ ಸಾಕು. ಪಾಕದ ನೀರನ್ನೂ ಚೆಲ್ಲುವುದಿಲ್ಲ, ಗಂಜಿಗೆ ಹಾಕುತ್ತಾಳೆ. ಇಪ್ಪತ್ತನೆಯ ದಿನ ಅವಳ ಗಂಡ ಪರಮೇಶ್ವರಪ್ಪ ತಾಟಿನ ಮುಂದೆ ಕೂತು, ನಾಲಿಗಿಗೆ ದಿನಾ ಹಬ್ಬ ಆಗಿ ಸಾಕಾಗೇದ, ಒಂದಿನ ಅಮಾಸಿ ಮಾಡು ಮಾರಾಯ್ತಿ, ಬರೇ ಖಾರದ ಚಟ್ನಿ ಹಾಕು ಅಂದಿದ್ದ. ಅವಳು ಚಟ್ನಿ ಹಾಕಿದಳು, ಪಕ್ಕಕ್ಕೆ ಗೊಜ್ಜನ್ನೂ ಹಾಕಿದಳು. ಅವನು ಎರಡನ್ನೂ ಉಂಡ. ಉಣ್ಣುವುದು ಪಡಸಾಲೆಯಲ್ಲಿ, ಬೀದಿ ಬಾಗಿಲು ತೆರೆದಿಟ್ಟು. ಇದು ಅವಳೇ ಮಾಡಿದ ಕಾನೂನು. ಗುಡ್ನಾಪುರದ ಕೆರೆ ಕಡೆಗೆ ದನ ಹೊಡೆದುಕೊಂಡು ಹೋಗುವವರು ಬಾಗಿಲಲ್ಲಿ ಇಣುಕಿ, ಇನ್ನೂ ಅದಾವೇನ ಸಿದ್ದಕ್ಕಾ ಅಂತ ಕೇಳುತ್ತಾರೆ. ಅವಳದ್ದು ಒಂದೇ ಉತ್ತರ.

“ಅವೂ ಅದಾವು. ನಾನೂ ಅದೀನಿ.”

ಇವತ್ತು ಮಧ್ಯಾಹ್ನ ಅವರು ಬರುತ್ತಾರೆ. ಸಂಘದ ಅಧ್ಯಕ್ಷೆ ಪರಿಮಳಾ, ಜೊತೆಗೆ ಬಸವರಾಜ. ಕಾಗದ ಟೈಪು ಮಾಡಿಸಿ ತರುತ್ತಾರಂತೆ, ಒಂದು ಸಹಿ ಹಾಕಿದರೆ ಸಾಕಂತೆ. ಡಬ್ಬಿ ಮನೆಗೆ ಬೀಗ ಬಿದ್ದು ಒಂದೂವರೆ ತಿಂಗಳಾಯಿತು. ಸಂಘದ ಹಣ್ಣಿನ ಘಟಕಕ್ಕೆ ಬೋರ್ಡಿನ ಮೇಲೆ ಉದ್ದ ಹೆಸರಿದೆ, ಊರಲ್ಲಿ ಎಲ್ಲರೂ ಡಬ್ಬಿ ಮನೆ ಅನ್ನುತ್ತಾರೆ. ಬನವಾಸಿಯಲ್ಲಿ ಮಂಜಪ್ಪನ ಹೊಸ ಮನೆಯ ಪ್ರವೇಶಕ್ಕೆ ಅಲ್ಲಿಂದಲೇ ಡಬ್ಬಿ ಹೋಗಿದ್ದವು, ಅನಾನಸ್ ಶಿರಾ ಆಗಿತ್ತು. ಸಂಜೆಗೆ ನಲವತ್ತು ಜನಕ್ಕೆ ವಾಂತಿ, ಭೇದಿ. ಯಾರೂ ಸಾಯಲಿಲ್ಲ, ದೇವರು ದೊಡ್ಡವನು. ಹೊಸ ಬಾವಿಯ ನೀರು ಇತ್ತು, ಹಿಂದಿನ ದಿನದ ಮೊಸರು ಇತ್ತು, ಸುಡು ಬಿಸಿಲಿತ್ತು. ಆದರೆ ಜನ ಡಬ್ಬಿ ಅಂದರು. ಪರೀಕ್ಷೆಗೆ ಒಯ್ದವರು ಖಚಿತವಾಗಿ ಹೇಳಲಾಗುವುದಿಲ್ಲ ಎಂದು ಬರೆದು ಕಳಿಸಿದರು. ಮತ್ತೆ ಬೀಗ ತೆಗೆಯಬೇಕಾದರೆ ತಪ್ಪು ಎಲ್ಲಿ ಆಯಿತು, ಅದಕ್ಕೆ ಏನು ಕ್ರಮ ತೆಗೆದುಕೊಂಡಿರಿ ಎಂದು ತೋರಿಸಬೇಕು. ಡಬ್ಬಿ ಕುದಿಸುವ ಹಂಡೆಯ ಮುಂದೆ ನಾಲ್ಕು ವರ್ಷ ನಿಂತವಳು ಸಿದ್ದವ್ವ. ಆ ದಿನದ ಹಂಡೆಯನ್ನು ಹೊತ್ತಿಗೆ ಮುಂಚೆ ಇಳಿಸಿದೆ, ನನ್ನ ನಿರ್ಲಕ್ಷ್ಯ ಎಂದು ಅವಳು ಒಪ್ಪಿದರೆ, ಅವಳನ್ನು ತೆಗೆದೆವು ಎಂದು ಇವರು ಬರೆಯುತ್ತಾರೆ. ಬೀಗ ತೆಗೆಯುತ್ತದೆ. ಹತ್ತು ಜನ ಹೆಂಗಸರು ಕೆಲಸಕ್ಕೆ ಮರಳುತ್ತಾರೆ. ಅವರಲ್ಲಿ ವೆಂಕಮ್ಮ ದಿನಾ ಬಂದು ಕಟ್ಟೆಯ ಮೇಲೆ ಕೂತು ಹೋಗುತ್ತಾಳೆ, ಸಹಿಯ ಮಾತೆತ್ತುವುದಿಲ್ಲ, ಸುಮ್ಮನೆ ಸೆರಗಿನ ತುದಿ ಸುತ್ತುತ್ತಾಳೆ. ಬೈದಿದ್ದರೆ ಸಿದ್ದವ್ವನಿಗೆ ಹಗುರಾಗುತ್ತಿತ್ತು.

ಡಬ್ಬಿ ಕೊರೆಯುವ ಬ್ಲೇಡನ್ನು ಅಂಚಿಗೆ ಒತ್ತಿದಳು, ಉಸಿರೆಳೆದ ಹಾಗೆ ಸದ್ದಾಯಿತು. ಒಳ್ಳೆಯ ಡಬ್ಬಿ ಒಳಗೆ ಉಸಿರು ಎಳೆದುಕೊಳ್ಳುತ್ತದೆ, ಕೆಟ್ಟದ್ದು ಹೊರಗೆ ಬಿಡುತ್ತದೆ. ಇಷ್ಟೆಲ್ಲ ತಿಳಿದವಳಿಗೆ ತನ್ನ ಕೈಯ ಒಳಗೆ ಏನಿದೆ ಎಂದು ಮಾತ್ರ ತಿಳಿಯಲಿಲ್ಲ. ಹೋದ ವಾರ ಹೀಗೇ ಮಾವಿನ ಸಾಸಿವೆ ಮಾಡಿದ್ದಳು. ಸೊಸೆ ಸ್ಫೂರ್ತಿಗೆ ಏಳು ತಿಂಗಳು. ಡಬ್ಬಿಗಳು ಮನೆಗೆ ಬಂದ ದಿನವೇ ವಿನೋದ ಒಲೆಯ ಹತ್ತಿರ ಬಂದು, ಅವ್ವಾ ನಮಗ ಹಾಕು, ಆಕೀಗೆ ಬ್ಯಾಡ, ಡಾಕ್ಟ್ರು ಹೇಳ್ಯಾರ ಅಂದಿದ್ದ. ಡಾಕ್ಟರು ಹಾಗೇನೂ ಹೇಳಿರಲಿಲ್ಲ. ಅದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು, ಬಾಗಿಲ ಹಿಂದೆ ನಿಂತ ಸ್ಫೂರ್ತಿಗೂ ಗೊತ್ತಿತ್ತು. ಸೊಸೆಗೆ ಬೇರೆ ಸಾರು, ಬೇರೆ ಪಲ್ಯ ನಡೆದಿತ್ತು. ಹೋದ ವಾರ ವಿನೋದ ಇಲ್ಲದ ಹೊತ್ತಿಗೆ ಸ್ಫೂರ್ತಿ ಬಟ್ಟಲು ಹಿಡಿದು ಬಂದು, ಬಾಯಿ ಕೆಟ್ಟೇದ ಅತ್ತಿ, ಒಂದು ಸೌಟು ಹಾಕ್ರಿ ಅಂದಳು. ಸಿದ್ದವ್ವ ಸೌಟು ಎತ್ತಿದಳು. ಸೌಟು ನಿಂತುಬಿಟ್ಟಿತು. ಬಟ್ಟಲಿಗೂ ಪಾತ್ರೆಗೂ ನಡುವೆ, ಯಾರೋ ಮೊಣಕೈ ಹಿಡಿದ ಹಾಗೆ. ಊರೆಲ್ಲ ನೋಡಲಿ ಎಂದು ಬಾಗಿಲು ತೆರೆದು ಉಣ್ಣುವವಳು, ಗಂಡನಿಗೆ ಮಗನಿಗೆ ಕೈ ನಡುಗದೆ ಬಡಿಸುವವಳು, ಅಲ್ಲಿ ನಿಂತಳು. ಸ್ಫೂರ್ತಿ ಅವಳ ಮುಖ ನೋಡಲಿಲ್ಲ, ಸೌಟನ್ನೇ ನೋಡಿದಳು. ಆಮೇಲೆ ಬಟ್ಟಲನ್ನು ಹಿಂದಕ್ಕೆ ತೆಗೆದುಕೊಂಡು, ಬಿಡ್ರಿ ಅತ್ತಿ, ನನಗ ಹುಳಿ ಆಗಿಬರೂದಿಲ್ಲ ಅಂದಳು. ಹುಣಸೆಹಣ್ಣು ಕದ್ದು ಚೀಪುವ ಹುಡುಗಿ. ಆ ಸುಳ್ಳಿನ ಮೆದುತನ ಸಿದ್ದವ್ವನಿಗೆ ನಲವತ್ತು ಜನರ ಬೈಗುಳಕ್ಕಿಂತ ಆಳಕ್ಕೆ ಹೋಯಿತು. ಅಂದರೆ ನನಗೇ ನನ್ನ ಮೇಲೆ ನಂಬಿಕೆಯಿಲ್ಲ. ಅಂದರೆ ಈ ಉಣ್ಣುವುದೆಲ್ಲ ಬೀದಿಗೆ ತೋರಿಸುವ ಆಟ.

ಮಾವಿನ ರಸ ಒಲೆಯ ಮೇಲೆ ಉಗುಳತೊಡಗಿತು. ಉರಿ ಸಣ್ಣ ಮಾಡಿ ಕಲಕುತ್ತ ಅವಳು ತನಗರಿವಿಲ್ಲದೆ ಗುನುಗತೊಡಗಿದಳು, ಹಂಡೆಯ ಮುಂದೆ ಗುನುಗುವ ಹಾಗೆ. ಅದು ಅವಳ ಅವ್ವ ಬೀಸುವಾಗ ಕಟ್ಟಿದ್ದ ಪದ, ಇಪ್ಪತ್ತೊಂದು ನುಡಿಯ ಹಾಡು. ಡಬ್ಬಿ ಮನೆಯ ಗೋಡೆಗೆ ಹಾಕಿದ್ದ ಗಡಿಯಾರ ಹಬೆ ಕುಡಿದು ಮೂರೇ ದಿನಕ್ಕೆ ನಿಂತಿತ್ತು, ಎರಡನೆಯದೂ ನಿಂತಿತ್ತು. ಮೊಬೈಲು ಒಳಗೆ ತರಬಾರದು ಎಂದು ನಿಯಮ. ಆಗ ಹುಬ್ಬಳ್ಳಿಯಿಂದ ಕಲಿಸಲು ಬಂದಿದ್ದ ಮೇಷ್ಟ್ರು, ಡಬ್ಬಿ ಕುದಿಯೂದು ಇಪ್ಪತ್ತೈದು ನಿಮಿಷ, ಅದು ಎಷ್ಟು ಅಂತ ಹೆಂಗ ತಿಳೀತದವ್ವ ನಿಮಗ ಎಂದು ತಲೆ ಕೆರೆದುಕೊಂಡಾಗ, ವೆಂಕಮ್ಮನೇ ನಕ್ಕು, ಸಿದ್ದಕ್ಕನ ಪದ ಒಂದು ಸುತ್ತು ಮುಗಿದರ ಅಷ್ಟ ಆಗ್ತದ್ರಿ ಅಂದಿದ್ದಳು. ಮೇಷ್ಟ್ರು ಕೈಗಡಿಯಾರ ಬಿಚ್ಚಿ ಅಂಗೈಯಲ್ಲಿ ಹಿಡಿದು ಕೂತರು. ಗಂಡಸೊಬ್ಬನ ಮುಂದೆ ಹಾಡಬೇಕಾಗಿ ಅವಳು ಗೋಡೆಗೆ ಮುಖ ಮಾಡಿ ಹಾಡಿದಳು. ಇಪ್ಪತ್ತೈದಕ್ಕೆ ನಾಲ್ಕೋ ಐದೋ ಸೆಕೆಂಡು ಕಡಿಮೆ. ಮೇಷ್ಟ್ರು ಬೆರಗಾಗಿ ಎದ್ದು ಕೈ ಮುಗಿದರು. ಆಮೇಲೆ ಹಂಡೆ ಕುದಿ ಬಂದೊಡನೆ ಅವಳು ಪದ ಎತ್ತಬೇಕು, ಪದ ಮುಗಿದೊಡನೆ ಡಬ್ಬಿ ಇಳಿಸಬೇಕು. ಅನಾನಸ್ ಹೆಚ್ಚುವ ಹೆಂಗಸರು ಪದದ ಮೇಲೆಯೇ ಹೊತ್ತು ಹೇಳುತ್ತಿದ್ದರು. ಒಂಬತ್ತನೇ ನುಡಿಗೆ ಚಾ, ಹದಿನೇಳಕ್ಕೆ ಬುಟ್ಟಿ ತೊಳೆಯುವುದು.

ಬಾಗಿಲ ಪಕ್ಕ ಗೋಡೆಗೆ ಒರಗಿ ಕೂತು ಅವರೆಕಾಳು ಬಿಡಿಸುತ್ತಿದ್ದ ಸ್ಫೂರ್ತಿ, ಇದೇನ ಅತ್ತಿ ಡಬ್ಬಿ ಮನಿ ಪದ ಅಂದಳು. ಎಕ್ಕಂಬಿಯ ಹುಡುಗಿ, ಕುತೂಹಲ ಹೆಚ್ಚು. ಜೋರಾಗಿ ಹಾಡ್ರಿ, ನಾ ಟೈಮ್ ಹಚ್ತೀನಿ, ಅವರು ಬಂದಾಗ ಮೊಬೈಲ್‌ನಾಗ ತೋರಿಸಿ ಮುಖಕ್ಕ ಹಿಡಿಯೂಣು ಅಂದಳು. ಸಿದ್ದವ್ವನಿಗೆ ಹುಮ್ಮಸ್ಸು ಬಂತು. ಪಾತ್ರೆ ಇಳಿಸಿ, ರೊಟ್ಟಿಗೆ ಹಿಟ್ಟು ನಾದುತ್ತ, ಹಂಡೆಯ ಮುಂದಿನ ಲಯದಲ್ಲೇ ಎತ್ತಿದಳು. ದೂರದ ಊರಿಗೆ ಕೊಟ್ಟ ಮಗಳ ಪದ ಅದು. ಬಾವಿ ದಾಟಿದಳು, ಹಳ್ಳ ದಾಟಿದಳು, ಹೊಸ್ತಿಲಲ್ಲಿ ಎಡವಿದಳು. ಹಾಡುತ್ತ ಹೋದ ಹಾಗೆ ಅಡುಗೆಮನೆ ಹಿಂದೆ ಸರಿದು ಹಬೆ ತುಂಬಿದ ಕೋಣೆ ಬಂತು, ವೆಂಕಮ್ಮನ ನಗು ಬಂತು, ಅನಾನಸ್ ಮುಳ್ಳು ಚುಚ್ಚಿದ ಬೆರಳುಗಳು ಬಂದವು. ಪದ ಮುಗಿಸಿ ಹಿಟ್ಟಿನ ಕೈಯನ್ನೇ ಸೊಂಟಕ್ಕೆ ಇಟ್ಟು, ಎಷ್ಟಾತು ಅಂದಳು.

ಸ್ಫೂರ್ತಿ ಮೊಬೈಲನ್ನು ಒಮ್ಮೆ, ತನ್ನ ಮುಂದೆ ಸಾಲಾಗಿ ಇಟ್ಟಿದ್ದ ಅವರೆಕಾಳನ್ನು ಒಮ್ಮೆ ನೋಡಿದಳು. ನುಡಿಗೊಂದು ಕಾಳು ಇಟ್ಟಿದ್ದಳು ಹುಡುಗಿ.

“ಇಪ್ಪತ್ಮೂರು ನಿಮಿಷ ನಲವತ್ತೈದು ಸೆಕೆಂಡ್ ಅತ್ತಿ. ಮತ್ತ ಕಾಳು ಇಪ್ಪತ್ತ ಅದಾವು.”

ಬಿಟ್ಟುಹೋದದ್ದು ಹದಿಮೂರನೆಯದು. ಎಣಿಸಬೇಕಾಗಿರಲಿಲ್ಲ. ಹದಿಮೂರನೆಯ ನುಡಿಯಲ್ಲಿ ತಾಯಿ ಮಗಳನ್ನು ನೋಡಲು ಬರುತ್ತಾಳೆ, ಹಿತ್ತಲಲ್ಲಿ ಕೂರಿಸಿ ತಂಗಳು ರೊಟ್ಟಿ ಹಾಕುತ್ತಾರೆ, ತಾಯಿ ಉಂಡು ಸಿಹಿಯಾಗಿದೆ ಅನ್ನುತ್ತಾಳೆ. ಅವ್ವ ಆ ನುಡಿಯನ್ನು ಕಟ್ಟಿದ್ದು ಸಿದ್ದವ್ವ ಹುಟ್ಟುವ ಮೊದಲೇ, ಯಾರ ಕಥೆಯೋ ಏನೋ. ಆದರೆ ಸಿದ್ದವ್ವನ ಮದುವೆಯಾದ ವರ್ಷ ಹಾನಗಲ್ಲ ಕಡೆಯಿಂದ ಎರಡು ಬಸ್ಸು ಬದಲಿಸಿ ಅವ್ವ ಬಂದಾಗ ಇದೇ ಮನೆಯ ಹಿತ್ತಲ ಕಟ್ಟೆಯ ಮೇಲೆ ಅತ್ತೆ ತಾಟು ಇಟ್ಟಿದ್ದಳು. ನಿನ್ನೆಯ ರೊಟ್ಟಿ, ನೀರು ಚಿಮುಕಿಸಿ ಮೆತ್ತಗೆ ಮಾಡಿದ್ದು. ಒಳಗೆ ಹಂಚಿನ ಮುಂದೆ ಸಿದ್ದವ್ವ, ಕೈಯಲ್ಲಿ ಉಬ್ಬಿದ ಬಿಸಿ ರೊಟ್ಟಿ. ಹತ್ತು ಹೆಜ್ಜೆ ದೂರ. ಅತ್ತೆ ಬಾಗಿಲಲ್ಲಿ ಕೂತಿದ್ದಳು, ಬೇಡ ಅಂತ ಅಂದಿರಲೂ ಇಲ್ಲ, ಸುಮ್ಮನೆ ಕೂತಿದ್ದಳು. ರೊಟ್ಟಿ ಕೈಯಲ್ಲೇ ಆರಿತು. ಅವ್ವ ಹೋಗುವಾಗ, ಚಲೋ ಉಂಡೆ ಮಗಳ ಅಂದಳು, ಪದದಲ್ಲಿದ್ದ ಹಾಗೆಯೇ, ಬಹುಶಃ ತನ್ನ ಪದ ಅಂತ ಅವಳಿಗೂ ಹೊಳೆದಿರಲಿಲ್ಲ. ಅಂದಿನಿಂದ ಆ ನುಡಿ ಬಂದಾಗ ನಾಲಿಗೆ ತಾನೇ ಹಾರಿ ಮುಂದಿನದಕ್ಕೆ ಹೋಗುತ್ತದೆ, ಕೆಸರು ಬಂದರೆ ಕಾಲು ಹಾರುವ ಹಾಗೆ. ಮೇಷ್ಟ್ರ ಎದುರು ಮಾತ್ರ ಪೂರ್ತಿ ಹಾಡಿದ್ದಳು, ಗಡಿಯಾರ ಹಿಡಿದ ಗಂಡಸಿನ ಮುಂದೆ ಬಿಡಲು ಹೆದರಿ. ಆಮೇಲೆ ಒಂದು ದಿನವಾದರೂ ಹಾಡಿದ್ದೇನೆಯೇ? ಆ ದಿನ, ಮಂಜಪ್ಪನ ಮನೆಗೆ ಹೋದ ಡಬ್ಬಿ ಕುದಿಸಿದ ದಿನ? ಇಲ್ಲ. ಒಂದೂವರೆ ತಿಂಗಳಿಂದ ಅವಳನ್ನು ಕೊರೆಯುತ್ತಿದ್ದ ಪ್ರಶ್ನೆಗೆ ಉತ್ತರ ಇಷ್ಟೇ ಆಗಿತ್ತು. ಬೇಗ ಇಳಿಸಿದ್ದು ಹೌದು. ಸೌಟು ನಿಂತದ್ದು ಸುಮ್ಮನೆ ಅಲ್ಲ.

ಸ್ಫೂರ್ತಿ ಮೊಬೈಲನ್ನು ಬೋರಲು ಹಾಕಿ, ಇದನ್ನ ಯಾರಿಗೂ ತೋರಿಸೂದು ಬ್ಯಾಡ ಬಿಡ್ರಿ ಅಂದಳು. ಕಾಳುಗಳನ್ನು ಸಾಲು ಕೆಡಿಸಿ ಬುಟ್ಟಿಗೆ ಹಾಕಿದಳು. ಸಿದ್ದವ್ವ ಹಿಟ್ಟನ್ನು ಗುದ್ದುತ್ತ ನಿಂತಳು. ಸಹಿ ಹಾಕುವುದೇ ಸರಿ. ಹತ್ತು ಜನರ ಒಲೆ. ನಿರ್ಲಕ್ಷ್ಯ ಎಂದು ಬರೆದಿದ್ದಾರಂತೆ, ಇರಲಿ. ಆ ದಿನ ಹೊತ್ತಿಗೆ ಮುಂಚೆ ಇಳಿಸಿದೆ. ಆ ದಿನ. ಹಿಟ್ಟಿನಲ್ಲಿ ಕೈ ನಿಂತಿತು. ಆ ದಿನ ಮಾತ್ರ ಏನು, ಎಲ್ಲ ದಿನವೂ ಅಲ್ಲವೇ? ನಾಲ್ಕು ವರ್ಷ, ಮಳೆಗಾಲ ಬೇಸಿಗೆ, ಒಂದೊಂದು ಹಂಡೆಯೂ ಒಂದು ನುಡಿ ಕಡಿಮೆ. ಸಿದ್ದಾಪುರದ ಹೋಟೆಲುಗಳಿಗೆ ಹೋದ ಅನಾನಸ್ಸು, ಯಲ್ಲಾಪುರದ ಮದುವೆಗಳಿಗೆ ಹೋದ ತೊಳೆ, ಶಿರಸಿಯ ಹಣ್ಣಿನ ಮೇಳದಲ್ಲಿ ಪರಿಮಳಾ ಶಾಲು ಹೊದಿಸಿಕೊಂಡಾಗ ಅವಳ ಕೈಯಲ್ಲಿದ್ದ ಡಬ್ಬಿ, ಪ್ರತಿ ದೀಪಾವಳಿಗೆ ಬಸವರಾಜ ಬೀಗರ ಮನೆಗೆ ಒಯ್ಯುವ ಆರು ಡಬ್ಬಿ. ಎಲ್ಲವೂ ಹದಿಮೂರನೆಯ ನುಡಿ ಕೇಳದವು. ಒಬ್ಬರಿಗೂ ಹೊಟ್ಟೆ ನೋಯಲಿಲ್ಲ. ಮಂಚದ ಕೆಳಗಿನವೂ ಅವೇ, ನಲವತ್ತಾರು ತನ್ನ ಹೊಟ್ಟೆ ಸೇರಿವೆ. ಅವಳಿಗೆ ನಗು ಬಂತು. ಮೊದಲು ಮೂಗಿನಲ್ಲಿ, ಆಮೇಲೆ ಭುಜದಲ್ಲಿ. ಸ್ಫೂರ್ತಿ ಗಾಬರಿಯಾಗಿ, ಅತ್ತೀ ಅಂದಳು. ಏನಿಲ್ಲವ್ವ, ಐದು ತಾಟು ತೊಳಿ ಅಂದಳು ಸಿದ್ದವ್ವ.

ಅವರು ಬಂದಾಗ ಪರಮೇಶ್ವರಪ್ಪ ಎದ್ದು ಚಾಪೆ ಹಾಸಿ, ಬರ್ರಿ ಬರ್ರಿ ಎಂದು ಅಗತ್ಯಕ್ಕಿಂತ ಹೆಚ್ಚು ಬಾಗಿದ. ಹಳ್ಳಿಕಟ್ಟೆಯಲ್ಲಿ ಅವನನ್ನು ಡಬ್ಬಿ ಪರಮೇಶಣ್ಣ ಎಂದು ಕರೆಯತೊಡಗಿದ ಮೇಲೆ ಅವನ ಬೆನ್ನು ಹೀಗೆ ಆಗಿತ್ತು. ಪರಿಮಳಾ ಕೆಟ್ಟವಳಲ್ಲ. ಒಳಗೆ ಬಂದವಳೇ ಸ್ಫೂರ್ತಿಯ ತಿಂಗಳು ಕೇಳಿದಳು, ಬಿಸಿಲಿನ ಮಾತಾಡಿದಳು, ಸಿದ್ದಕ್ಕನಂಥ ಕೆಲಸಗಾರ್ತಿ ಇಡೀ ತಾಲೂಕಿನಲ್ಲಿ ಇಲ್ಲ ಎಂದಳು. ಇದು ಬರೇ ಕಾಗದದ ಮೇಲೆ, ಒಂದು ವರ್ಷ ಬಿಟ್ಟು ಸದ್ದಿಲ್ಲದೆ ಮತ್ತೆ ಕರೆಯುತ್ತೇವೆ ಎಂದಳು. ಬಸವರಾಜ ಕಾಗದ ಬಿಡಿಸಿ ಓದಿದ. ಇಂಥ ತಾರೀಖಿನಂದು, ಇಂಥ ಬ್ಯಾಚಿನ ಡಬ್ಬಿಗಳನ್ನು, ನನ್ನ ವೈಯಕ್ತಿಕ ನಿರ್ಲಕ್ಷ್ಯದಿಂದ. ಓದುವಾಗ ಅವನ ಕಣ್ಣು ಮತ್ತೆ ಮತ್ತೆ ಮಂಚದ ಕೆಳಗೆ ಹೊಳೆಯುತ್ತಿದ್ದ ಡಬ್ಬಿಗಳ ಸಾಲಿಗೆ ಹೋಗುತ್ತಿತ್ತು. ಓದಿ ಮುಗಿಸಿ ಪೆನ್ನಿನ ಮುಚ್ಚಳ ತೆಗೆದು ಮುಂದೆ ಚಾಚಿದ. ಸಿದ್ದವ್ವ ಪೆನ್ನು ಇಸಿದುಕೊಂಡಳು. ಪರಮೇಶ್ವರಪ್ಪ ಉಸಿರು ಬಿಟ್ಟ.

“ಬಸಣ್ಣಾರ, ಇದರಾಗ ತಾರೀಖು ತಪ್ಪೈತ್ರಿ,” ಅಂದಳು ಸಿದ್ದವ್ವ. “ಒಂದು ದಿನ ಅಲ್ಲ. ನಾಲ್ಕು ವರ್ಷ ಬರೀರಿ.”

ಅವರಿಗೆ ತಿಳಿಯಲಿಲ್ಲ. ಅವಳು ತಿಳಿಸಿ ಹೇಳಿದಳು, ಸಾವಕಾಶವಾಗಿ, ಹೊಸಬರಿಗೆ ಹಂಡೆಯ ಕೆಲಸ ಕಲಿಸುವ ಹಾಗೆ. ಪದ ಎಷ್ಟು ನುಡಿ, ತಾನು ಯಾವುದನ್ನು ಬಿಟ್ಟೆ, ಮೊಬೈಲು ಏನು ಹೇಳಿತು. ಯಾಕೆ ಬಿಟ್ಟೆ ಎಂದು ಮಾತ್ರ ಹೇಳಲಿಲ್ಲ, ಅದು ಸಂಘಕ್ಕೆ ಬೇಕಾದ ವಿಷಯವಲ್ಲ. ಹೇಳುತ್ತ ಹೋದ ಹಾಗೆ ಪರಿಮಳಾಳ ಮುಖದ ಮೇಲಿನ ಮರುಕ ಒಂದೊಂದೇ ಪದರ ಕಳಚಿ, ಒಳಗೆ ಬೇರೆ ಏನೋ ಕಾಣಿಸತೊಡಗಿತು. ಇದನ್ನೆಲ್ಲ ಹೊರಗೆ ಆಡಬೇಡ ಸಿದ್ದಕ್ಕಾ, ನಾಲ್ಕು ವರ್ಷದ ಮಾಲಿನ ಮೇಲೆ ಅನುಮಾನ ಬಂದರೆ ಸಂಘವೇ ಉಳಿಯುವುದಿಲ್ಲ ಎಂದು ಅವಳು ದನಿ ತಗ್ಗಿಸಿದಳು. ಬೀದಿ ಬಾಗಿಲು ತೆರೆದೇ ಇತ್ತು. ಕಟ್ಟೆಯ ಮೇಲೆ ವೆಂಕಮ್ಮ ಯಾವಾಗಲೋ ಬಂದು ಕೂತಿದ್ದಳು, ಸೆರಗು ಸುತ್ತುವುದನ್ನು ನಿಲ್ಲಿಸಿ.

“ನನ್ನ ತಪ್ಪು ಐತಿ. ಒಂದು ನುಡಿಯಷ್ಟು ಐತಿ, ಅಷ್ಟಕ್ಕ ನಾ ಸಹಿ ಹಾಕ್ತೀನಿ. ನಿಮಗ ಶಾಲು ಹೊದಿಸಿದ ಡಬ್ಬಿನೂ ಸೇರಿಸಿ ಬರೀರಿ. ಅದು ಚಲೋ ಇತ್ತು ಅಂದ್ರ ಇವೂ ಚಲೋ ಅದಾವು. ಇವು ಕೆಟ್ಟಿದ್ವು ಅಂದ್ರ ಅದೂ ಕೆಟ್ಟಿತ್ತು. ಅವತ್ತಿನ ಒಂದ ಹಂಡೆ ನನ್ನ ತಲಿಗೆ ಕಟ್ಟಬ್ಯಾಡ್ರಿ.”

ಬಸವರಾಜ, ಹಾಗಾದರೆ ಕ್ರಮ ಏನಂತ ಬರೆಯುವುದು, ಮೇಲಿನವರು ಕೇಳುತ್ತಾರಲ್ಲ ಎಂದು ಸಿಡಿದ. ಗಡಿಯಾರ ತರ್ತೀವಿ ಅಂತ ಬರೀರಿ ಅಂದಳು ಸಿದ್ದವ್ವ. ಹಬೆಯಲ್ಲಿ ನಿಲ್ಲುತ್ತದೆ ಎಂದ. ಹೊರಗಿನ ಗೋಡೆಗೆ ಹಾಕ್ರಿ, ಕಿಟಕಿಯಿಂದ ಕಾಣ್ತದ. ನಾಲ್ಕು ವರ್ಷದಲ್ಲಿ ಯಾರೊಬ್ಬರಿಗೂ ಹೊಳೆಯದ ಮಾತು ಅಷ್ಟು ಸಣ್ಣದಾಗಿ ಅಲ್ಲಿ ಬಿದ್ದಿತ್ತು. ಕಟ್ಟೆಯ ಮೇಲೆ ವೆಂಕಮ್ಮ ಫಕ್ಕನೆ ನಕ್ಕು, ಬಾಯಿಗೆ ಸೆರಗು ಒತ್ತಿಕೊಂಡಳು. ಸಿದ್ದವ್ವ ಪೆನ್ನಿನ ಮುಚ್ಚಳ ಹಾಕಿ, ಸಹಿ ಹಾಕದ ಕಾಗದವನ್ನು ಮಡಚಿ ಅದರ ಮೇಲೆ ಇಟ್ಟಳು. ಬೀಗ ಯಾವಾಗ ತೆಗೆಯುತ್ತದೋ, ತೆಗೆಯುತ್ತದೆಯೋ ಇಲ್ಲವೋ, ಅವಳಿಗೆ ಗೊತ್ತಿರಲಿಲ್ಲ.

ಪರಿಮಳಾ ಏಳಲು ನೋಡಿದಳು. ಉಣ್ಣುವ ಹೊತ್ತಿಗೆ ಬಂದವರು ಹಾಗೇ ಹೋಗೂದಿಲ್ಲ ಕೂಡ್ರಿ ಅಂದಳು ಸಿದ್ದವ್ವ. ಆ ಮಾತಿಗೆ ಈ ಸೀಮೆಯಲ್ಲಿ ಯಾರೂ ಏಳಲಾರರು. ಪರಿಮಳಾ ಕೂತಳು, ಬಸವರಾಜನೂ ಕೂತ. ಐದು ತಾಟು ಸಾಲಾಗಿ ಬಂದವು. ಬಿಸಿ ಅನ್ನ, ಪಕ್ಕಕ್ಕೆ ಉಬ್ಬಿದ ರೊಟ್ಟಿ, ಹಂಚಿನಿಂದ ಆಗತಾನೇ ತೆಗೆದದ್ದು. ಹಳದಿ ಸಾಸಿವೆಯ ಪಾತ್ರೆಯನ್ನು ಸೊಂಟಕ್ಕೆ ಇಟ್ಟುಕೊಂಡು ಸಿದ್ದವ್ವ ಬಂದಳು. ರೂಢಿಯಂತೆ ಮೊದಲು ಅತಿಥಿಗಳಿಗೆ ಬಡಿಸಬೇಕು. ಅವಳು ಅವರನ್ನು ದಾಟಿ ಕೊನೆಯ ತಾಟಿನ ಹತ್ತಿರ ಹೋದಳು. ಸ್ಫೂರ್ತಿ ತಲೆ ಎತ್ತಿದಳು. ಆಕೀಗೆ ಬ್ಯಾಡ ಎಂದು ಹೇಳುವವನು ಗಾಡಿಯ ಮೇಲೆ ಎಲ್ಲೋ ಇದ್ದ. ನಿನಗ ಬೇಕಾದ್ರ ಮಾತ್ರ ಅಂದಳು ಸಿದ್ದವ್ವ. ಸ್ಫೂರ್ತಿ ಅನ್ನದ ನಡುವೆ ಬೆರಳಿಂದ ಗುಳಿ ಮಾಡಿದಳು. ಸಿದ್ದವ್ವ ತನ್ನ ಮೊಣಕೈಯನ್ನೇ ನೋಡುತ್ತ, ಯಾರೋ ಅದನ್ನು ಹಿಡಿಯುತ್ತಾರೆಂದು ಕಾಯುತ್ತ, ಸೌಟು ಎತ್ತಿದಳು. ಯಾರೂ ಹಿಡಿಯಲಿಲ್ಲ. ಸಾಸಿವೆ ಗುಳಿ ತುಂಬಿ ಅಂಚಿಗೆ ಹರಿಯಿತು. ಸ್ಫೂರ್ತಿ ಕಲಸಿ ಬಾಯಿಗಿಟ್ಟು, ಹುಳಿಗೆ ಒಂದು ಕಣ್ಣು ಮುಚ್ಚಿ, ಇನ್ನೊಂದು ಸೌಟಿಗೆ ತಾಟು ಸರಿಸಿದಳು.

ಆಮೇಲೆ ಗಂಡನಿಗೆ ಬಡಿಸಿದಳು. ಕಟ್ಟೆಯಿಂದ ವೆಂಕಮ್ಮ ಕರೆಯದೆಯೇ ಎದ್ದು ಒಳಗೆ ಬಂದು, ಸಿದ್ದವ್ವನ ಪಾಲಿಗೆ ಇಟ್ಟಿದ್ದ ತಾಟಿನ ಮುಂದೆ ಕೂತಳು. ಅವಳಿಗೂ ಬಡಿಸಿದಳು. ಹಾಗೆ ಬರುತ್ತ ಬರುತ್ತ ಪರಿಮಳಾಳ ಮುಂದೆ ನಿಂತು, ಹಾಕ್ಲೇನ್ರಿ ಅಂತ ಕೇಳಿದಳು. ಪರಿಮಳಾಳ ಅಂಗೈ ತಾಟಿನ ಮೇಲೆ ಬಂತು, ಬೇಡ ಅನ್ನುವ ಹಾಗೆ. ಆದರೆ ಪೂರ್ತಿ ಮುಚ್ಚಲಿಲ್ಲ, ಬೆರಳುಗಳ ಸಂದಿಯಲ್ಲಿ ಅನ್ನದ ಹಬೆ ಏಳುತ್ತಿತ್ತು. ಸೌಟಿನ ತುದಿಯಲ್ಲಿ ಒಂದು ಹನಿ ದಪ್ಪಗಾಗುತ್ತ ಬಂತು. ಸಿದ್ದವ್ವ ಮುಂದೆಯೂ ಹೋಗಲಿಲ್ಲ, ಹಿಂದೆಯೂ ಸರಿಯಲಿಲ್ಲ. ಅವಳಿಗೆ ಅವಸರವಿರಲಿಲ್ಲ. ಮನಸ್ಸಿನಲ್ಲೇ ಪದದ ಮೊದಲ ನುಡಿ ಎತ್ತಿದಳು. ಇಪ್ಪತ್ತೊಂದೂ ಮುಗಿಯುವ ತನಕ ಅವಳು ಹೀಗೇ ನಿಲ್ಲಬಲ್ಲಳು, ಈ ಸಲ ಒಂದನ್ನೂ ಬಿಡದೆ.